ಅಳೆಯುವ ಮುನ್ನವೇ ತೀರ್ಪು



ನನ್ನ ದನಿ ಬಾನುಲಿಯಲ್ಲಿ ನಿಮ್ಮ ಕಿವಿಗೆ ಬಿದ್ದು ಇನ್ನೂ ನಾಲ್ಕು ಮಾತಾಗಿಲ್ಲ. ಅಷ್ಟರಲ್ಲೇ ಮಾತಾಡುತ್ತಿರುವುದು ಗಂಡೋ ಹೆಣ್ಣೋ, ವಯಸ್ಸು ಎಷ್ಟಿರಬಹುದು, ಯಾವ ಸೀಮೆಯವರು, ಎಷ್ಟು ಓದಿಕೊಂಡವರು ಎಂದು ನೀವು ಒಂದು ಅಂದಾಜಿಗೆ ಬಂದಿರುತ್ತೀರಿ. ಕೆಲವರು ಇದು ಯಾರ ಮನೆಯ ಕನ್ನಡ ಎಂಬಲ್ಲಿಯವರೆಗೂ ಹೋಗಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಅಂದಾಜು ಕಟ್ಟದೆ ಮನುಷ್ಯರು ಒಂದು ದಿನವೂ ಬದುಕಲಾರರು. ತೊಡಕು ಶುರುವಾಗುವುದು ಆ ಅಂದಾಜೇ ತೀರ್ಪಾಗಿ ಕೂತುಬಿಟ್ಟಾಗ. ಆಡಿದ ಮಾತು ಎಷ್ಟು ಸರಿ ಎಂದು ನೋಡುವ ಮೊದಲೇ, ಆಡಿದವರು ಯಾರು ಎಂಬುದರ ಮೇಲೆ ಆ ಮಾತಿಗೆ ಬೆಲೆ ಕಟ್ಟಿದಾಗ. ಈ ಪೂರ್ವಗ್ರಹದ ಬಗ್ಗೆ, ಅದನ್ನು ದಾಟಿದ ಕೆಲವು ದಾರಿಗಳ ಬಗ್ಗೆ ಇವತ್ತು ನಾಲ್ಕು ಮಾತು ಹೇಳುತ್ತೇನೆ.

ಇದನ್ನು ಉಪದೇಶವಾಗಿ ಹೇಳುವುದು ಬಹಳ ಸುಲಭ. ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಿ ಎಂದರೆ ಬೇಡ ಎನ್ನುವವರು ಯಾರೂ ಇಲ್ಲ. ನೂರಾರು ವರ್ಷಗಳಿಂದ ನಮ್ಮ ನಾಡಿನಲ್ಲಿ ದೊಡ್ಡವರು ಈ ಮಾತು ಹೇಳಿದ್ದಾರೆ, ನಾವೂ ತಲೆದೂಗಿದ್ದೇವೆ. ತಲೆದೂಗಿ ಮನೆಗೆ ಬಂದ ಮೇಲೆ ಬಾಡಿಗೆಗೆ ಮನೆ ಕೇಳಿಕೊಂಡು ಬಂದವರನ್ನು ಮೊದಲು ಕೇಳುವ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ: “ನೀವು ಯಾವ ಪೈಕಿ?” ಆದ್ದರಿಂದ ಉಪದೇಶವನ್ನು ಬದಿಗಿಟ್ಟು, ಪೂರ್ವಗ್ರಹವನ್ನು ನಿಜವಾಗಿ ಅಳೆದು ನೋಡಿದ, ಅದು ಕಡಿಮೆಯಾದದ್ದನ್ನೂ ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಆರಿಸಿಕೊಂಡಿದ್ದೇನೆ. ಅದು ನಮ್ಮ ದೇಶದ್ದೇ, ಹಳ್ಳಿಗಳದ್ದೇ.

ಪಶ್ಚಿಮ ಬಂಗಾಳದಲ್ಲಿ ಬೀರ್‌ಭೂಮ್ ಎಂಬ ಜಿಲ್ಲೆ ಇದೆ. ಶಾಂತಿನಿಕೇತನ ಇರುವುದು ಅದೇ ಜಿಲ್ಲೆಯಲ್ಲಿ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತಷ್ಟೆ. ಅದರಂತೆ 1998ರ ಚುನಾವಣೆಯಿಂದ ಆ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ಮುಖ್ಯಸ್ಥರ ಸ್ಥಾನಗಳಲ್ಲಿ ಮೂರನೇ ಒಂದು ಭಾಗ ಹೆಂಗಸರಿಗೆ ಮೀಸಲಾಯಿತು. ನಮ್ಮಲ್ಲಿ ಅಧ್ಯಕ್ಷರು ಎನ್ನುವವರನ್ನು ಅಲ್ಲಿ ಪ್ರಧಾನರು ಎನ್ನುತ್ತಾರೆ. ಯಾವ ಪಂಚಾಯಿತಿ ಮೀಸಲು ಎಂಬುದನ್ನು ಊರಿನ ಗುಣಾವಗುಣ ನೋಡಿ ಆರಿಸಲಿಲ್ಲ. ಪಟ್ಟಿಯ ಕ್ರಮಸಂಖ್ಯೆಯ ಲೆಕ್ಕದಲ್ಲಿ ಬಂದದ್ದು ಬಂತು. ಹೀಗಾಗಿ ಹೆಂಗಸು ಪ್ರಧಾನರಾದ ಊರಿಗೂ ಪಕ್ಕದಲ್ಲೇ ಗಂಡಸು ಪ್ರಧಾನರಾದ ಊರಿಗೂ ಬೇರೆ ಯಾವ ವಿಶೇಷ ವ್ಯತ್ಯಾಸವೂ ಇರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದಾಗಿತ್ತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಅದನ್ನೇ ಮಾಡಿದರು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಈ ಡುಫ್ಲೋ ಒಬ್ಬರು. ಬೀರ್‌ಭೂಮ್‌ನಲ್ಲೂ ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲೂ ಲೆಕ್ಕ ತೆಗೆದಾಗ ಕಂಡದ್ದು ಇದು: ಹೆಂಗಸು ಮುಖ್ಯಸ್ಥರಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ, ಹೆಚ್ಚು ಕೆಲಸ ಆಗಿತ್ತು. ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಕೊಡ ಹೊರುವವರಿಗೆ ಕೊಳಾಯಿ ಎಲ್ಲಿರಬೇಕು ಎಂದು ಗೊತ್ತಿರುತ್ತದೆ.

ಆಶ್ಚರ್ಯ ಇರುವುದು ಮುಂದೆ. ನಮ್ಮ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಸುಮಾರು ಅದೇ ಕಾಲದಲ್ಲಿ ದೇಶದ ಬಹುತೇಕ ರಾಜ್ಯಗಳಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಸಿತ್ತು. ಊರಿನಲ್ಲಿ ಕೊಳಾಯಿ, ಕೈಪಂಪು ಎಷ್ಟಿವೆ, ಸುಸ್ಥಿತಿಯಲ್ಲಿವೆಯೇ, ಕೆಲಸ ಆಗಬೇಕಾದರೆ ಲಂಚ ಕೊಡಬೇಕಾಯಿತೇ, ನಿಮಗೆ ಒಟ್ಟಾರೆ ಸಮಾಧಾನ ಇದೆಯೇ ಎಂದೆಲ್ಲ ಜನರನ್ನು ಕೇಳಿತ್ತು. ಡುಫ್ಲೋ ಮತ್ತು ಪೆಟಿಯಾ ಟೊಪಾಲೋವಾ ಆ ಅಂಕಿಅಂಶಗಳನ್ನು ಕೂತು ನೋಡಿದರು. ಹೆಂಗಸು ಮುಖ್ಯಸ್ಥರಾದ ಊರುಗಳಲ್ಲಿ ನೀರಿನ ಸೌಕರ್ಯ ಹೆಚ್ಚಿತ್ತು. ಅದರ ಸ್ಥಿತಿ ಬೇರೆ ಊರುಗಳದ್ದಕ್ಕಿಂತ ಕೆಟ್ಟದಾಗಿರಲಿಲ್ಲ. ಲಂಚ ಕೊಟ್ಟೆವು ಎಂದವರೂ ಅಲ್ಲಿ ಕಡಿಮೆ. ಸಮಾಧಾನ ಇದೆಯೇ ಎಂದು ಕೇಳಿದಾಗ ಮಾತ್ರ ಅದೇ ಊರಿನವರು ಬೇರೆ ಊರಿನವರಿಗಿಂತ ಕಡಿಮೆ ಅಂಕ ಕೊಟ್ಟಿದ್ದರು. ಗಂಡಸರು ಮಾತ್ರ ಕೊಟ್ಟದ್ದಲ್ಲ, ಹೆಂಗಸರೂ ಕೊಟ್ಟಿದ್ದರು. ಇನ್ನೂ ಮುಂದೆ ಹೋಗಿ ಆರೋಗ್ಯ ಕೇಂದ್ರದ ಬಗ್ಗೆಯೂ ಅಸಮಾಧಾನ ಹೇಳಿದ್ದರು. ಆರೋಗ್ಯ ಸೇವೆಯೋ, ಪಂಚಾಯಿತಿಯ ಕೈಯಲ್ಲಿ ಇರುವಂಥದ್ದೇ ಅಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಮನೆ ಮುಂದೆ ನೀರು ಬರುತ್ತಿದೆ. ಕೊಡ ತುಂಬಿದೆ. ಕಿಸೆಯಿಂದ ಲಂಚ ಹೋಗಿಲ್ಲ. ಆದರೂ ಕೇಳಿದಾಗ ಬಾಯಿಂದ ಬರುವುದು “ಏನೋ, ಅಷ್ಟಕ್ಕಷ್ಟೇ” ಎಂಬ ಮಾತು. ಸುಳ್ಳು ಹೇಳಬೇಕೆಂದು ಅವರು ಹೇಳಿದ್ದಲ್ಲ. ಕಣ್ಣು ಕಂಡದ್ದನ್ನು ಮನಸ್ಸು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಅಷ್ಟೆ. ಪೂರ್ವಗ್ರಹ ಎಂದರೆ ದ್ವೇಷ ಎಂದು ನಾವು ತಿಳಿದುಕೊಂಡಿದ್ದೇವೆ. ಬೈದವರು, ಹೊಡೆದವರು, ಬಾಗಿಲು ಹಾಕಿದವರು ಮಾತ್ರ ಪೂರ್ವಗ್ರಹ ಇರುವವರು, ನಾವು ಹಾಗಲ್ಲವಲ್ಲ ಎಂದು ನೆಮ್ಮದಿಯಾಗಿರುತ್ತೇವೆ. ಆ ಊರುಗಳಲ್ಲಿ ಯಾರೂ ಯಾರನ್ನೂ ದ್ವೇಷಿಸಲಿಲ್ಲ. ಒಬ್ಬರು ಮಾಡಿದ ಕೆಲಸ ಅವರ ಖಾತೆಗೆ ಜಮೆ ಆಗಲಿಲ್ಲ. ನನ್ನ ಮಟ್ಟಿಗೆ ಪೂರ್ವಗ್ರಹದ ಅತಿ ಸಾಮಾನ್ಯ ರೂಪ ಇದೇ, ಅತಿ ಕ್ರೂರವಾದದ್ದೂ ಇದೇ. ಬೈದರೆ ಎದುರು ಮಾತಾಡಬಹುದು. ದುಡಿದದ್ದು ಕಾಣದೇ ಹೋದರೆ ಯಾರ ಹತ್ತಿರ ದೂರು ಹೇಳುವುದು?

ನಾನು ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಗ್ರಾಮಸಭೆ ನೋಡಿದ್ದು ನೆನಪಿಗೆ ಬರುತ್ತಿದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮುಂದೆ ಮೇಜು, ಮೇಜಿನ ಹಿಂದೆ ಅಧ್ಯಕ್ಷೆ, ಪಕ್ಕದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಅಧ್ಯಕ್ಷೆಯ ಗಂಡ ಶಾಮಿಯಾನದ ಕಂಬಕ್ಕೆ ಒರಗಿ ಒಂದು ಬದಿಯಲ್ಲಿ ನಿಂತಿದ್ದರು. ವಯಸ್ಸಾದವರೊಬ್ಬರು ಎದ್ದು, ಟವೆಲ್ ಹೆಗಲಿಗೆ ಸರಿಮಾಡಿಕೊಂಡು, ಟ್ಯಾಂಕಿಗೆ ನೀರು ಬಿಟ್ಟು ನಾಲ್ಕು ದಿನ ಆಯಿತು, ನೀರುಗಂಟಿಯನ್ನು ಕೇಳಿದರೆ ಅಧ್ಯಕ್ಷರನ್ನು ಕೇಳಿ ಅಂತಾನೆ ಎಂದರು. ಹೇಳಿದ್ದು ಅಧ್ಯಕ್ಷರಿಗೆ, ನೋಡಿದ್ದು ಕಂಬದ ಕಡೆಗೆ. ಆಕೆಯೇ ಉತ್ತರ ಕೊಟ್ಟರು. “ಅಣ್ಣಾ, ಮೋಟ್ರು ಸುಟ್ಟೋಗಿದೆ. ವೈಂಡಿಂಗಿಗೆ ಕೊಟ್ಟಿದೀವಿ, ನಾಳೆ ಸಂಜೆಗೆ ಬರುತ್ತೆ. ಅಲ್ಲೀತನಕ ಮೇಲಿನ ಕೇರಿಗೊಂದು, ಕೆಳಗಿನ ಕೇರಿಗೊಂದು ಟ್ಯಾಂಕರ್ ಹೇಳಿದೀನಿ, ಬೆಳಿಗ್ಗೆ ಏಳಕ್ಕೆ ಬರುತ್ತೆ.” ಇದಕ್ಕಿಂತ ಸ್ಪಷ್ಟವಾದ ಉತ್ತರ ಯಾವ ಅಧಿಕಾರಿಯ ಬಾಯಲ್ಲೂ ನಾನು ಕೇಳಿಲ್ಲ. ಆ ಹಿರಿಯರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು ಮತ್ತೆ ಕಂಬದ ಕಡೆ ತಿರುಗಿ, “ಹೌದೇನಪ್ಪಾ?” ಎಂದರು. ಗಂಡ ತಲೆಯಾಡಿಸಿದ ಮೇಲೆ ಕುಳಿತರು.

ಆ ಹಿರಿಯರು ಕೆಟ್ಟವರೇನಲ್ಲ. ಅಧ್ಯಕ್ಷೆಯ ಮೇಲೆ ಅವರಿಗೆ ಸಿಟ್ಟೂ ಇರಲಿಲ್ಲ, ಅಗೌರವವೂ ಇರಲಿಲ್ಲ. ಸಭೆ ಮುಗಿದ ಮೇಲೆ “ಬರ್ತೀನಿ ಕಣಮ್ಮ” ಎಂದು ಅಕ್ಕರೆಯಿಂದಲೇ ಹೇಳಿ ಹೋದರು. ಆದರೂ ಆಕೆಯ ಉತ್ತರಕ್ಕೆ ಒಬ್ಬ ಗಂಡಸಿನ ಮೊಹರು ಬೇಕಾಯಿತು. ಪತ್ರಿಕೆಗಳು ಆಗಾಗ ಬರೆಯುವ ‘ಪತಿರಾಯರ ದರ್ಬಾರು’ ಇಂಥ ಸಾವಿರ ‘ಹೌದೇನಪ್ಪಾ’ಗಳಿಂದ ಕಟ್ಟಿದ್ದು. ಗಂಡ ಬಂದು ಕುರ್ಚಿ ಹಿಡಿದ ಎಂದು ಅವನೊಬ್ಬನನ್ನೇ ದೂರುತ್ತೇವೆ. ಊರು ಅವನ ಮುಖವನ್ನೇ ನೋಡಿ ಮಾತಾಡಿ ಅವನನ್ನು ಕುರ್ಚಿಯವರೆಗೆ ಕರೆತಂದದ್ದನ್ನು ಮರೆಯುತ್ತೇವೆ.

ಈಗ ಮತ್ತೆ ಬೀರ್‌ಭೂಮ್‌ಗೆ ಬರೋಣ. ಇದು ಬಾನುಲಿ ಕೇಳುವ ನಿಮಗೆ ವಿಶೇಷವಾಗಿ ಹಿಡಿಸುವ ಭಾಗ. ಡುಫ್ಲೋ, ಚಟ್ಟೋಪಾಧ್ಯಾಯರ ಜೊತೆಗೆ ಲೋರಿ ಬೀಮನ್, ರೋಹಿಣಿ ಪಾಂಡೆ, ಟೊಪಾಲೋವಾ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಭಾಷಣವನ್ನು ಧ್ವನಿಮುದ್ರಣ ಮಾಡಿಕೊಂಡರು. ಊರಿನ ಸಭೆಯಲ್ಲಿ ಪ್ರಧಾನರು ಆಡುವಂಥ ಸಾದಾ ಮಾತು ಅದು. ಅದೇ ಪದಗಳನ್ನು ಒಮ್ಮೆ ಗಂಡುದನಿಯಲ್ಲಿ, ಒಮ್ಮೆ ಹೆಣ್ಣುದನಿಯಲ್ಲಿ ಓದಿಸಿದರು. ಹಳ್ಳಿಗರಲ್ಲಿ ಕೆಲವರಿಗೆ ಇದನ್ನು, ಕೆಲವರಿಗೆ ಅದನ್ನು ಕೇಳಿಸಿ, ಈ ಪ್ರಧಾನರು ಎಷ್ಟು ಸಮರ್ಥರು ಎನ್ನಿಸುತ್ತದೆ ಎಂದು ಕೇಳಿದರು. ಅಕ್ಷರವೂ ಬದಲಾಗಿಲ್ಲ, ದನಿ ಮಾತ್ರ ಬೇರೆ. ಎಂದೂ ಹೆಂಗಸು ಪ್ರಧಾನರನ್ನು ಕಾಣದ ಊರುಗಳಲ್ಲಿ ಗಂಡಸರು ಹೆಣ್ಣುದನಿಗೆ ಕಡಿಮೆ ಅಂಕ ಕೊಟ್ಟರು. ಹೆಂಗಸಿನ ಆಡಳಿತ ಕಂಡಿದ್ದ ಊರುಗಳಲ್ಲಿ ಆ ಅಂತರ ಕರಗಿಹೋಗಿತ್ತು.

ನಿಜವಾದ ಪ್ರಧಾನರ ವಿಷಯದಲ್ಲೂ ಹೀಗೇ ಆಯಿತು, ಸ್ವಲ್ಪ ತಡವಾಗಿ. ಮೊದಲ ಬಾರಿ ಮೀಸಲಾದ ಊರಿನಲ್ಲಿ ಪ್ರಧಾನೆಗೆ ಕಡಿಮೆ ಅಂಕವೇ ಸಿಕ್ಕಿತು. ಎರಡನೇ ಬಾರಿಯೂ ಅದೇ ಪಂಚಾಯಿತಿ ಮೀಸಲಾದಾಗ, ಆಗ ಬಂದ ಹೆಂಗಸನ್ನು ಜನ ಗಂಡಸರ ಸಮಸಮಕ್ಕೆ ಇಟ್ಟು ತೂಗಿದರು. ಮುಂದೆ, ಎರಡು ಅವಧಿ ಹೀಗೆ ಹೆಂಗಸರ ಆಡಳಿತ ಕಂಡ ಕಡೆ, ಮೀಸಲಿಲ್ಲದ ಸ್ಥಾನಗಳಿಗೂ ಹೆಂಗಸರು ನಿಂತರು, ಗೆದ್ದರು. ಮೀಸಲು ಕಾಣದ ಊರುಗಳಿಗೆ ಹೋಲಿಸಿದರೆ ಆ ಸಂಖ್ಯೆ ಹತ್ತಿರಹತ್ತಿರ ಎರಡು ಪಟ್ಟು.

ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಸಂಗತಿ ಇನ್ನೊಂದಿದೆ, ಅದರ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ಗಂಡಸರನ್ನು ಬೇರೆಯಾಗಿ, ನೇರವಾಗಿ ಕೇಳಿದರು: ನಿಮಗೆ ಮುಖಂಡರಾಗಿ ಯಾರು ಇಷ್ಟ, ಗಂಡಸೋ ಹೆಂಗಸೋ? ಹೆಂಗಸಿನ ಆಡಳಿತ ಕಂಡ ಊರಿನಲ್ಲೂ ಅವರ ಉತ್ತರ ಬದಲಾಗಿರಲಿಲ್ಲ. ಗಂಡಸೇ ಇರಲಿ ಎಂದೇ ಹೇಳಿದರು. ಇಷ್ಟ ಹಳೆಯದೇ ಉಳಿದಿತ್ತು, ತೂಕ ಹಾಕುವ ಕೈ ಮಾತ್ರ ನೇರವಾಗಿತ್ತು. ಇದರಿಂದ ನಿರಾಶರಾಗಬೇಕಿಲ್ಲ, ನನಗಂತೂ ಇದು ದೊಡ್ಡ ಭರವಸೆ. ಮನಸ್ಸು ಪರಿವರ್ತನೆ ಆಗುವವರೆಗೆ ಏನೂ ಸಾಧ್ಯವಿಲ್ಲ ಎಂದು ಎಷ್ಟೋ ಜನ ಕೈಕಟ್ಟಿ ಕೂತಿರುತ್ತಾರೆ. ಮನಸ್ಸಿನ ಇಷ್ಟಾನಿಷ್ಟ ನಿಧಾನವಾಗಿ ಬದಲಾಗಲಿ, ಅದಕ್ಕೆ ಒಂದೆರಡು ತಲೆಮಾರು ಬೇಕಾಗಬಹುದು. ಒಬ್ಬರ ಕೆಲಸವನ್ನು ಕೆಲಸವೆಂದು ನೋಡುವ ಅಭ್ಯಾಸಕ್ಕೆ ಅಷ್ಟು ಕಾಲ ಬೇಡ. ಅದಕ್ಕೆ ಬೇಕಾದದ್ದು ಅವರು ಆ ಜಾಗದಲ್ಲಿ ಕೂತು ಕೆಲಸ ಮಾಡುವುದನ್ನು ನಾವು ಕಾಣುವುದು. ಒಮ್ಮೆ ಕಂಡರೆ ಸಾಲದು, ಮತ್ತೆ ಮತ್ತೆ ಕಾಣಬೇಕು.

ಮೊದಲು ಬಂದವರು ಇದಕ್ಕೆ ತೆರುವ ಬೆಲೆಯನ್ನೂ ಮರೆಯಬಾರದು. ಎರಡನೆಯ ಪ್ರಧಾನೆಗೆ ಸಿಕ್ಕ ನ್ಯಾಯ, ಮೊದಲನೆಯಾಕೆ ಐದು ವರ್ಷ ನುಂಗಿಕೊಂಡ ಅನ್ಯಾಯದಿಂದ ಬಂದದ್ದು. ಗಂಡಸು ತಪ್ಪು ಮಾಡಿದರೆ “ಆ ಮನುಷ್ಯ ಸರಿಯಿಲ್ಲ” ಎಂದು ಅವನೊಬ್ಬನಿಗೆ ನಿಲ್ಲಿಸುತ್ತೇವೆ. ಮೊದಲ ಸಲ ಬಂದ ಹೆಂಗಸು ಒಂದು ಬಿಲ್ಲಿಗೆ ತಡವಾಗಿ ಸಹಿ ಹಾಕಿದರೆ “ಹೆಂಗಸರ ಕೈಗೆ ಕೊಟ್ಟರೆ ಇಷ್ಟೇ” ಎಂದು ಇಡೀ ಹೆಣ್ಣುಕುಲಕ್ಕೆ ಹಚ್ಚುತ್ತೇವೆ. ಊರಿನಲ್ಲಿ ಮೊದಲ ದಲಿತ ಮೇಷ್ಟರು, ಕಚೇರಿಯಲ್ಲಿ ಮೊದಲ ಅಂಗವಿಕಲ ನೌಕರ, ಪೊಲೀಸ್ ಠಾಣೆಯಲ್ಲಿ ಮೊದಲ ಮಹಿಳಾ ಸಬ್‌ಇನ್ಸ್‌ಪೆಕ್ಟರ್, ಇವರೆಲ್ಲ ತಮ್ಮ ಕೆಲಸದ ಜೊತೆಗೆ ತಮ್ಮ ಸಮುದಾಯದ ಪರೀಕ್ಷೆಯನ್ನೂ ದಿನಾ ಬರೆಯುತ್ತಿರುತ್ತಾರೆ. ಹಾಗೆ ಮೊದಲಾಗಿ ಬಂದವರು ನಿಮ್ಮ ಸುತ್ತಮುತ್ತ ಯಾರಾದರೂ ಇದ್ದರೆ ಅವರ ಬೆನ್ನಿಗೆ ನಿಲ್ಲಿ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಇತಿಹಾಸ ಇದೆ. ಸಂವಿಧಾನದ ತಿದ್ದುಪಡಿಗೆ ಹತ್ತು ವರ್ಷ ಮೊದಲೇ, 1983ರಲ್ಲಿ, ರಾಮಕೃಷ್ಣ ಹೆಗಡೆಯವರ ಸರ್ಕಾರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನು ರೂಪಿಸಿತು. ಅದರಲ್ಲಿ ಶೇಕಡ 25ರಷ್ಟು ಸ್ಥಾನ ಹೆಂಗಸರಿಗೆ. 1987ರ ಜನವರಿಯಲ್ಲಿ ಚುನಾವಣೆ ನಡೆದು ಸಾವಿರಾರು ಹೆಂಗಸರು ಆರಿಸಿ ಬಂದರು. ಇದರ ಹಿಂದಿದ್ದವರು ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಬರಗಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ನೀರ್‌ಸಾಬ್ ಆದವರು. ಹಳ್ಳಿಗೆ ನೀರನ್ನೂ, ಹೆಂಗಸರಿಗೆ ಪಂಚಾಯಿತಿಯ ಕುರ್ಚಿಯನ್ನೂ ತರಲು ದುಡಿದವರು ಒಬ್ಬರೇ ಎಂಬುದು ನನಗೆ ಬಹಳ ಹಿಡಿಸಿದ ವಿಷಯ. 2010ರಲ್ಲಿ ನಮ್ಮ ರಾಜ್ಯ ಪಂಚಾಯಿತಿಗಳಲ್ಲಿ ಹೆಂಗಸರ ಪಾಲನ್ನು ಶೇಕಡ 50ಕ್ಕೆ ಏರಿಸಿತು. ಅಂದರೆ 1987ರಲ್ಲಿ ಹುಟ್ಟಿದ ಮಗು ಬೆಳೆದು ತಾನೇ ತಾಯಾಗುವಷ್ಟು ಕಾಲ ನಮ್ಮ ಹಳ್ಳಿಗಳು ಹೆಂಗಸರ ಆಡಳಿತವನ್ನು ಕಂಡಿವೆ.

ಪೂರ್ವಗ್ರಹ ಕೇಳುವವರ ತಲೆಯಲ್ಲಿ ಇರುತ್ತದೆ ಎಂದು ಇಲ್ಲಿಯವರೆಗೆ ಹೇಳಿದೆ. ಅದು ಗುರಿಯಾದವರ ಮೈಯೊಳಗೂ ಇಳಿಯುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಮೇಲ್ಜಾತಿಯ ಮೂವರು, ದಲಿತ ಹುಡುಗರು ಮೂವರು, ಒಟ್ಟು ಆರಾರು ಮಂದಿಯ ಗುಂಪು. ಬಿಡಿಸಿದಷ್ಟಕ್ಕೆ ದುಡ್ಡು. ಯಾರು ಯಾವ ಜಾತಿ ಎಂದು ಹೇಳದೆ ಕೂರಿಸಿದಾಗ ಎರಡು ಕಡೆಯ ಹುಡುಗರೂ ಸಮವಾಗಿ ಬಿಡಿಸಿದರು. ಇನ್ನು ಕೆಲವು ಗುಂಪುಗಳಲ್ಲಿ ಒಗಟು ಕೊಡುವ ಮೊದಲು ಒಬ್ಬೊಬ್ಬರ ಹೆಸರು, ಊರು, ತಂದೆಯ ಹೆಸರು, ತಾತನ ಹೆಸರು, ಜಾತಿ ಇಷ್ಟನ್ನೂ ಎಲ್ಲರೆದುರಿಗೆ ಓದಿದರು. ಅಷ್ಟೇ ಮಾಡಿದ್ದು. ಯಾರೂ ಯಾರನ್ನೂ ಹೀಯಾಳಿಸಲಿಲ್ಲ. ಆ ಗುಂಪುಗಳಲ್ಲಿ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಕುಸಿಯಿತು. ಅದೇ ವಯಸ್ಸಿನ ಹುಡುಗರು, ಅವೇ ಒಗಟುಗಳು. ಹಾಜರಿ ಪುಸ್ತಕ ಹಿಡಿದು “ಎಸ್‌ಸಿ ಮಕ್ಕಳು ಎದ್ದು ನಿಲ್ಲಿ, ಸ್ಕಾಲರ್‌ಶಿಪ್ ಫಾರಂ ಬಂದಿದೆ” ಎಂದು ತರಗತಿಯಲ್ಲಿ ಕರೆಯುವ ಮೇಷ್ಟರುಗಳು ಇದನ್ನು ಕೇಳಿಸಿಕೊಳ್ಳಬೇಕು. ಫಾರಂ ಕೊಡುವುದು ಒಳ್ಳೆಯದೇ. ಮಗುವನ್ನು ಪಕ್ಕಕ್ಕೆ ಕರೆದು ಕೊಡಿ.

ಕನ್ನಡದ ತರಗತಿಗಳಲ್ಲೇ ನಡೆಯುವ ಇನ್ನೊಂದು ಸಂಗತಿ ಇದೆ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹಾಲು ಎನ್ನುವುದಿಲ್ಲ, ಆಲು ಎನ್ನುತ್ತಾರೆ. ಹಣ್ಣು ಅಣ್ಣಾಗುತ್ತದೆ, ಹೋದ ಓದ ಆಗುತ್ತದೆ. ಅದು ಅವ್ವ ಕಲಿಸಿದ ಮಾತು. ಆ ಮಗು ಮೊದಲ ಸಲ ಎದ್ದು ನಿಂತು ಪಾಠ ಓದಿದಾಗ ತರಗತಿ ಕಿಸಕ್ಕೆಂದು ನಗುತ್ತದೆ, ಕೆಲವು ಕಡೆ ಮೇಷ್ಟರೂ ನಗುತ್ತಾರೆ. ಮರುದಿನದಿಂದ ಆ ಮಗು ಕೈ ಎತ್ತುವುದಿಲ್ಲ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ “ನೋಡಿ, ಅವರ ಮನೆಯಲ್ಲಿ ಓದಿನ ವಾತಾವರಣ ಇಲ್ಲ” ಎನ್ನುತ್ತೇವೆ. ಉಚ್ಚಾರಣೆ ತಿದ್ದಬಾರದೆಂದು ನಾನು ಹೇಳುತ್ತಿಲ್ಲ. ಬರಹದ ಕನ್ನಡ ಎಲ್ಲ ಮಕ್ಕಳಿಗೂ ಬರಬೇಕು. ಆದರೆ ನಾಲಿಗೆಗೂ ಬುದ್ಧಿಗೂ ಗಂಟುಹಾಕಿದ ಆ ನಗು ಎಷ್ಟು ಮಕ್ಕಳ ಬಾಯಿ ಮುಚ್ಚಿಸಿದೆಯೋ, ಅದಕ್ಕೆ ಲೆಕ್ಕ ಇಟ್ಟವರಿಲ್ಲ. ಧಾರವಾಡದ ಕನ್ನಡ ಬೆಂಗಳೂರಿಗೆ ಬಂದು ಸಿನಿಮಾದ ಹಾಸ್ಯಪಾತ್ರವಾಗಿಯೇ ಉಳಿದದ್ದೂ ಇದೇ ಜಾತಿಯ ಅನ್ಯಾಯ.

ಮೇಲೆ ಕೂತವರಿಗೆ ಮಾತ್ರ ಈ ರೋಗ ಎಂದುಕೊಳ್ಳುವುದೂ ಸರಿಯಲ್ಲ. ರೆಮಾ ಹನ್ನಾ ಮತ್ತು ಲೀ ಲಿಂಡೆನ್ ನಮ್ಮ ದೇಶದಲ್ಲೇ ಶಿಕ್ಷಕರಿಂದ ಉತ್ತರಪತ್ರಿಕೆ ತಿದ್ದಿಸಿ ಪರೀಕ್ಷಿಸಿದರು. ಮುಖಪುಟದ ಮೇಲೆ ಮಗುವಿನ ಜಾತಿಯನ್ನು ತಾವೇ ಮನಸ್ಸಿಗೆ ಬಂದಂತೆ ಬರೆದಿದ್ದರು. ಕೆಳಜಾತಿ ಎಂದು ಬರೆದ ಪತ್ರಿಕೆಗಳಿಗೆ ಅಂಕ ತುಸು ಕಡಿಮೆ ಬಿತ್ತು. ಅಂತರ ಸಣ್ಣದು, ಆದರೆ ಸ್ಪಷ್ಟವಾಗಿತ್ತು. ಹಾಗೆ ಕಡಿಮೆ ಕೊಟ್ಟವರು ಮುಖ್ಯವಾಗಿ ಕೆಳಜಾತಿಗಳಿಂದಲೇ ಬಂದ ಶಿಕ್ಷಕರು. ತಮ್ಮವರ ಬಗ್ಗೆ ಊರೆಲ್ಲ ಹೇಳುವುದನ್ನು ಅವರೂ ಚಿಕ್ಕಂದಿನಿಂದ ಕೇಳುತ್ತ ಬೆಳೆದವರಲ್ಲವೇ?

ಇದಕ್ಕೆ ಸರಳವಾದ ಒಂದು ಪರಿಹಾರ ನಮ್ಮಲ್ಲಿ ಆಗಲೇ ಇದೆ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ನೋಂದಣಿ ಸಂಖ್ಯೆ ಇರುತ್ತದೆ. ತಿದ್ದುವವರಿಗೆ ಆ ಮಗು ಯಾರ ಮಗು ಎಂದು ಗೊತ್ತಾಗುವುದಿಲ್ಲ. ಅವರ ಮನಸ್ಸು ಶುದ್ಧವಾಗಿದೆಯೇ ಎಂದು ಯಾರೂ ಪರೀಕ್ಷಿಸಬೇಕಾಗಿಲ್ಲ, ಏರ್ಪಾಡೇ ಕಾಯುತ್ತದೆ. ಇದೇ ಏರ್ಪಾಡು ಕೆಲಸಕ್ಕೆ ಅರ್ಜಿ ಹಾಕುವಲ್ಲಿ ಯಾಕಿರಬಾರದು? ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ತೆರನ ಓದು, ಅನುಭವ ಬರೆದ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದ್ದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆಗೆ ಹೋಲಿಸಿದರೆ, ದಲಿತ ಹೆಸರಿಗೆ ಅದು ಸುಮಾರು ಮೂರನೇ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರನೇ ಒಂದು ಪಾಲು ಮಾತ್ರ ಇತ್ತು. ಆ ಅರ್ಜಿಗಳನ್ನು ನೋಡಿದ ಅಧಿಕಾರಿಗಳಲ್ಲಿ ಎಷ್ಟೋ ಜನ ತಮ್ಮಲ್ಲಿ ಭೇದಭಾವ ಇಲ್ಲ ಎಂದು ಆಣೆ ಮಾಡಿ ಹೇಳುತ್ತಿದ್ದರೇನೋ, ಮನಸಾರೆ ಹಾಗೆ ನಂಬಿಯೂ ಇದ್ದಾರು. ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿ, ಓದು ಅನುಭವ ಮಾತ್ರ ನೋಡಿ ಆರಿಸುವುದಕ್ಕೆ ಕಂಪನಿಗೆ ಚಿಕ್ಕಾಸೂ ಖರ್ಚಿಲ್ಲ.

ಹೆಸರು ಮುಚ್ಚಿಯೇ ಬದುಕಲಾಗುವುದಿಲ್ಲ, ನಿಜ. ಒಟ್ಟಿಗೆ ಬಾಳಲೇಬೇಕು. ಹಾಗೆ ಒಟ್ಟಿಗೆ ಇರುವುದರಲ್ಲೂ ರೀತಿಗಳಿವೆ. ಮ್ಯಾಟ್ ಲೋ ಎಂಬ ಸಂಶೋಧಕ ಉತ್ತರಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಪಂದ್ಯಾವಳಿಗಳನ್ನೇ ನಡೆಸಿ ಇದನ್ನು ನೋಡಿದ. ಕೆಲವು ತಂಡಗಳಲ್ಲಿ ಒಂದೇ ಜಾತಿಯವರು, ಕೆಲವು ತಂಡಗಳಲ್ಲಿ ಬೇರೆ ಬೇರೆ ಜಾತಿಯವರು ಕಲೆತಿದ್ದರು. ಒಂದೇ ತಂಡದಲ್ಲಿ ಕಲೆತು ಆಡಿದವರಲ್ಲಿ ಜಾತಿ ಮೀರಿದ ಸ್ನೇಹ ಬೆಳೆಯಿತು. ಎದುರಾಳಿಗಳಾಗಿ ಮಾತ್ರ ಬೇರೆ ಜಾತಿಯವರನ್ನು ಕಂಡವರಲ್ಲಿ ಆ ಫಲ ಕಾಣಲಿಲ್ಲ. ಮೈದಾನ ಅದೇ, ಆಟವೂ ಅದೇ. ಗೆದ್ದರೆ ಇಬ್ಬರೂ ಗೆಲ್ಲುತ್ತೇವೆ ಎಂಬ ಸ್ಥಿತಿ ಇದ್ದ ಕಡೆ ಮಾತ್ರ ಕೆಲಸ ಆಯಿತು. ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಅಮೆರಿಕದ ಕರಿಯ ಬಿಳಿಯರ ಸಂದರ್ಭದಲ್ಲಿ ಈ ಮಾತು ಬರೆದಿದ್ದ. ಸಮಾನ ಸ್ಥಾನ, ಒಂದೇ ಗುರಿ, ಕೂಡಿ ದುಡಿಯುವುದು, ಮೇಲಿನವರ ಬೆಂಬಲ, ಇವು ಇದ್ದರೆ ಒಡನಾಟ ಪೂರ್ವಗ್ರಹವನ್ನು ಕರಗಿಸುತ್ತದೆ ಎಂದು. ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬರುವವರ ಜೊತೆ ನಮಗೆ ಮೂವತ್ತು ವರ್ಷದ ಒಡನಾಟ ಇರಬಹುದು. ಅವರಿಗೆ ಬೇರೆ ಲೋಟ ಇಟ್ಟಿದ್ದರೆ ಆ ಒಡನಾಟ ಏನನ್ನೂ ಕರಗಿಸುವುದಿಲ್ಲ.

ದೆಹಲಿಯಲ್ಲಿ 2007ರಿಂದ ಕೆಲವು ಖಾಸಗಿ ಶಾಲೆಗಳು ಬಡಮಕ್ಕಳಿಗೆ ಸೀಟು ಕೊಡಬೇಕಾಗಿ ಬಂತು. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞ ಅಲ್ಲಿನ ಶ್ರೀಮಂತ ಮಕ್ಕಳು ಏನಾದರು ಎಂದು ನೋಡಿದ. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸಿಕೊಳ್ಳಿ ಎಂದಾಗ, ಬಹುಮಾನ ಸಣ್ಣದಿದ್ದರೆ ಎಷ್ಟೋ ಮಕ್ಕಳು ವೇಗವಾಗಿ ಓಡುವ ಬಡ ಹುಡುಗನನ್ನು ಬಿಟ್ಟು ನಿಧಾನವಾಗಿ ಓಡುವ ತಮ್ಮಂಥ ಹುಡುಗನನ್ನೇ ಆರಿಸಿಕೊಂಡರು, ಸೋತರೂ ಪರವಾಗಿಲ್ಲ ಎಂದು. ಬಡ ಸಹಪಾಠಿಗಳ ಜೊತೆ ಓದಿದ ಮಕ್ಕಳಲ್ಲಿ ಹಾಗೆ ಮಾಡಿದವರು ಕಡಿಮೆ. ಅವರು ಹೆಚ್ಚು ಉದಾರಿಗಳೂ ಆಗಿದ್ದರು. ನಮ್ಮ ರಾಜ್ಯದಲ್ಲೂ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಶೇಕಡ 25 ಸೀಟು ಸಿಗುತ್ತಿತ್ತು. 2019ರಿಂದ, ಹತ್ತಿರದಲ್ಲಿ ಸರ್ಕಾರಿ ಇಲ್ಲವೆ ಅನುದಾನಿತ ಶಾಲೆ ಇದ್ದರೆ ಕೊಡಬೇಕಾಗಿಲ್ಲ ಎಂದು ನಿಯಮ ಬದಲಾಯಿತು. ಸರ್ಕಾರಿ ಶಾಲೆ ಉಳಿಯಲಿ ಎಂಬ ಕಾಳಜಿ ಅದರ ಹಿಂದಿತ್ತು, ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಒಂದು ಜಾಗ ಹಾಗೆ ಕೈತಪ್ಪಿತು. ಆ ಬೆಂಚು ಬೇರೆಲ್ಲಾದರೂ ನಮಗೆ ಬೇಕೇ ಬೇಕು. ಉಳ್ಳವರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಿಯಾದರೂ ಅದನ್ನು ಉಳಿಸಿಕೊಳ್ಳಲಿ.

ಕೊನೆಯದಾಗಿ ಬೀರ್‌ಭೂಮ್‌ನ ಹೆಣ್ಣುಮಕ್ಕಳ ವಿಷಯ ಹೇಳಬೇಕು. 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನಕ್ಕಾಗಿ ಅದೇ ಸಂಶೋಧಕರ ಗುಂಪಿನವರು ಆ ಜಿಲ್ಲೆಯ ಹನ್ನೊಂದರಿಂದ ಹದಿನೈದು ವರ್ಷದ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಮಾತಾಡಿಸಿದರು. ಮಗ ಏನಾಗಬೇಕು, ಮಗಳು ಏನಾಗಬೇಕು, ಎಷ್ಟು ಓದಬೇಕು, ಮದುವೆ ಯಾವಾಗ? ಮೀಸಲು ಕಾಣದ ಊರುಗಳಲ್ಲಿ ಮಗನ ಬಗ್ಗೆ ಇದ್ದ ಆಸೆ ಮಗಳ ಬಗ್ಗೆ ಇರಲಿಲ್ಲ. ಎರಡು ಅವಧಿ ಹೆಂಗಸಿನ ಆಡಳಿತ ಕಂಡ ಊರುಗಳಲ್ಲಿ ತಂದೆತಾಯಿಯರ ಮಾತಿನಲ್ಲಿ ಈ ಅಂತರ ಶೇಕಡ 20ರಷ್ಟು, ಮಕ್ಕಳ ಮಾತಿನಲ್ಲಿ ಶೇಕಡ 32ರಷ್ಟು ಕಿರಿದಾಗಿತ್ತು. ಹುಡುಗರಿಗೂ ಹುಡುಗಿಯರಿಗೂ ಓದಿನಲ್ಲಿದ್ದ ಅಂತರ ಅಳಿಸಿಹೋಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಕಡಿಮೆಯಾಗಿತ್ತು. ಹೆಂಗಸರಿಗೆ ಊರಿನಲ್ಲಿ ಉದ್ಯೋಗದ ಅವಕಾಶಗಳೇನೂ ಹೆಚ್ಚಿರಲಿಲ್ಲ. ಪಂಚಾಯಿತಿಯ ಕುರ್ಚಿಯಲ್ಲಿ ತಮ್ಮಂಥವರು ಕೂತದ್ದನ್ನು ಆ ಹುಡುಗಿಯರು ಎರಡು ಅವಧಿಯಲ್ಲಿ ಕಂಡಿದ್ದರು.

ಐದೈದು ವರ್ಷದ ಎರಡು ಅವಧಿ. ಇದನ್ನು ಗಮನಿಸಿ. ನಮ್ಮಲ್ಲಿ ಈಗಿನ ವ್ಯವಸ್ಥೆಯಲ್ಲಿ ಗ್ರಾಮ ಪಂಚಾಯಿತಿಯ ಅಧ್ಯಕ್ಷೆಗೆ ಸಿಗುವುದು ಮೂವತ್ತು ತಿಂಗಳು. ಲೆಕ್ಕಪತ್ರ, ಕ್ರಿಯಾಯೋಜನೆ, ಪಿಡಿಒ ಜೊತೆಗಿನ ವ್ಯವಹಾರ ಇವೆಲ್ಲ ಕೈಗೆ ಹತ್ತುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಮೀಸಲು ಸರದಿಯಂತೆ ಬೇರೆಯವರಿಗೆ ಹೋಗುತ್ತದೆ. ಆಕೆ ಮನೆಗೆ ಮರಳುತ್ತಾರೆ, ಊರು “ಹೆಂಗಸರ ಸರದಿ ಮುಗೀತು” ಎನ್ನುತ್ತದೆ. ಮೀಸಲಾತಿ ಬಾಗಿಲು ತೆರೆಯಬಲ್ಲದು, ಎರಡನೇ ಸಲ ಒಳಗೆ ಕರೆಯಬೇಕಾದವರು ನಾವು. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಮ್ಮ ಅರಳಿಕಟ್ಟೆಯಲ್ಲಿ, ಸ್ವಸಹಾಯ ಸಂಘದಲ್ಲಿ, ಹಾಲಿನ ಡೇರಿಯ ಮುಂದೆ ಹೆಸರುಗಳ ಮಾತು ಬಂದೇ ಬರುತ್ತದೆ. ಆಗ ಒಮ್ಮೆ ಅಧ್ಯಕ್ಷೆಯಾಗಿ ದುಡಿದವರ ಹೆಸರನ್ನು ಸಾಮಾನ್ಯ ಸ್ಥಾನಕ್ಕೆ ಎತ್ತಿ. ಅವರು ಹೇಗೆ ಕೆಲಸ ಮಾಡಿದರು ಎಂಬ ಅನುಮಾನ ಇದ್ದರೆ ಅವರ ಕಾಲದ ಜಮಾಖರ್ಚು, ಗ್ರಾಮಸಭೆಯ ನಡಾವಳಿ, ಕೊಳವೆಬಾವಿ ಪೈಪ್‌ಲೈನಿನ ಕಾಮಗಾರಿಗಳ ಪಟ್ಟಿ ಎಲ್ಲವೂ ಪಂಚಾಯಿತಿ ಕಚೇರಿಯಲ್ಲಿವೆ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಕೊಡಿ. ಓದಿ ನೋಡಿ, ಹಿಂದಿನ ಅಧ್ಯಕ್ಷರ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ನಿಮ್ಮ ಅಭಿಪ್ರಾಯ ಹೇಳಿ.